ಕಾನ್ಫರೆನ್ಸ್‌ಗೆ ಹೋಗಲು ಬಳೆ ಅಡ ಇಡಬೇಕಾ, ಡಾಕ್ಟ್ರಮ್ಮ?

ಮಂಡಿ ನೋವು, ಸಕ್ಕರೆ ಕಾಯಿಲೆ, ಗ್ಯಾಸ್ಟ್ರಿಕ್ ಬಗ್ಗೆ ಬರೆದವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ಕಾಯಬೇಕು. ಜಗಳೂರು ಕಡೆಯಿಂದ ಒಬ್ಬ ಯುವ ವೈದ್ಯೆ ಬರೆದ ಪತ್ರ ನನ್ನನ್ನು ಬಿಡಲಿಲ್ಲ. ಅದೇ ವಿಷಯಕ್ಕೆ ಹತ್ತಿರವಾದ ಇನ್ನೂ ಕೆಲವು ಪತ್ರಗಳು ಕಟ್ಟಿನಲ್ಲಿದ್ದವು. ಎಲ್ಲವನ್ನೂ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ವೈದ್ಯರಲ್ಲದ ಓದುಗರೂ ಓದಬೇಕು ಅನ್ನೋದು ನನ್ನ ಆಸೆ. ನಿಮ್ಮೂರಿನ ಡಾಕ್ಟರು ಏನು ಕಲಿಯುತ್ತಾರೆ, ಎಲ್ಲಿ ಕಲಿಯುತ್ತಾರೆ, ಅದಕ್ಕೆ ದುಡ್ಡು ಯಾರು ಕೊಡುತ್ತಾರೆ ಅನ್ನೋದು ನಿಮಗೂ ಸೇರಿದ ವಿಷಯ ಅಲ್ವಾ?

ಪ್ರಶ್ನೆ: ಮೇಡಂ, ನಾನು ಜಗಳೂರು ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಗುತ್ತಿಗೆ ವೈದ್ಯೆ. ಹಾವು ಕಚ್ಚಿ ಬಂದವರಿಗೆ ಮಾಡುವ ಇಪ್ಪತ್ತು ನಿಮಿಷದ ರಕ್ತ ಪರೀಕ್ಷೆ ನಮ್ಮ ಸುತ್ತಲಿನ ಆರೋಗ್ಯ ಕೇಂದ್ರಗಳಲ್ಲಿ ಹೇಗೆ ತಪ್ಪಾಗುತ್ತಿದೆ ಅಂತ ಬರೆದು ಕಳಿಸಿದ್ದೆ. ಯುರೋಪಿನ ಒಂದು ಅಂತರರಾಷ್ಟ್ರೀಯ ಕಾನ್ಫರೆನ್ಸ್‌ನಲ್ಲಿ ಪೋಸ್ಟರ್ ಆಗಿ (ಗೋಡೆಗೆ ಹಾಕಿ, ಪಕ್ಕದಲ್ಲಿ ನಿಂತು ವಿವರಿಸುವ ದೊಡ್ಡ ಹಾಳೆ) ಆಯ್ಕೆಯಾಗಿದೆ. ರಿಜಿಸ್ಟ್ರೇಶನ್ 620 ಯೂರೋ. ವಿಮಾನ, ವೀಸಾ, ಉಳಿಯೋದು ಎಲ್ಲ ಸೇರಿ ಎರಡೂವರೆ ಲಕ್ಷ ದಾಟುತ್ತದೆ. ಕೈಗೆ ಬರುವ ಸಂಬಳ 70,000. ಓದಿನ ಸಾಲ ಇನ್ನೂ ತೀರಿಲ್ಲ. ಅಮ್ಮ ಬಳೆ ಅಡ ಇಟ್ಟು ಕೊಡ್ತೀನಿ ಅಂತಿದ್ದಾರೆ. ಹೋಗಲಾ?

ಉತ್ತರ: ಅಮ್ಮನ ಬಳೆ ಅಮ್ಮನ ಕೈಯಲ್ಲೇ ಇರಲಿ. ಸಾಲ ಮಾಡಿ ಹೋಗಬೇಡಿ. ಆದರೆ ಹೋಗೋದೇ ಬೇಡ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಇರುವ ಹಕ್ಕು ನಿಮಗೆ ಬೇರೆ ಎಷ್ಟೋ ಜನರಿಗಿಂತ ಜಾಸ್ತಿ ಇದೆ. ಆ ಹಕ್ಕನ್ನು ಬಾಯಿಬಿಟ್ಟು ಕೇಳಿ. ದುಡ್ಡಿನ ಲೆಕ್ಕ ಆಮೇಲೆ.

ಮೊದಲು ನಿಮ್ಮ ಕೆಲಸದ ಬಗ್ಗೆ ಬೇರೆ ಓದುಗರಿಗೆ ಹೇಳಿಬಿಡುತ್ತೇನೆ. ಕೊಳಕುಮಂಡಲ, ಉರಿಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ಅದನ್ನು ಪತ್ತೆ ಮಾಡಲು ದೊಡ್ಡ ಲ್ಯಾಬ್ ಬೇಡ. ಹೊಸದಾದ, ಒಣಗಿದ ಗಾಜಿನ ಟ್ಯೂಬಿಗೆ 2 ಮಿಲಿಲೀಟರ್ ರಕ್ತ ಹಾಕಿ, ಇಪ್ಪತ್ತು ನಿಮಿಷ ಅಲುಗಾಡಿಸದೆ ಬಿಟ್ಟು, ಆಮೇಲೆ ಒಂದೇ ಸಲ ಬಾಗಿಸಿ ನೋಡಬೇಕು. ರಕ್ತ ಗಟ್ಟಿಯಾಗಿದ್ದರೆ ಸದ್ಯಕ್ಕೆ ಸರಿ. ನೀರಿನಂತೆ ಹರಿದರೆ ವಿಷ ಏರಿದೆ, ಪ್ರತಿವಿಷ ಶುರು ಮಾಡಬೇಕು. ಇದರಲ್ಲಿ ಎಲ್ಲ ನಿಂತಿರೋದು ಗಾಜಿನ ಮೇಲೆ. ಹೆಪ್ಪುಗಟ್ಟುವ ಕ್ರಿಯೆ ಶುರುವಾಗೋದು ರಕ್ತ ಗಾಜಿನ ಮೈಗೆ ತಾಗಿದಾಗ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಸೋಪಿನ ಪುಡಿ ಹಾಕಿ ತೊಳೆದ ಗಾಜಿನಲ್ಲೂ ಹಾಗೇ. ಆಗ ವಿಷವೇ ಏರದವರಿಗೆ ಹತ್ತು ವಯಲ್ ಪ್ರತಿವಿಷ ಹೋಗುತ್ತದೆ. ಅದರಿಂದ ಕೆಲವರಿಗೆ ಅಲರ್ಜಿಯಾಗಿ ರಕ್ತದೊತ್ತಡ ಬಿದ್ದುಹೋಗುತ್ತದೆ. ಅಷ್ಟರಲ್ಲಿ ಇನ್ನೊಬ್ಬ ನಿಜವಾದ ರೋಗಿಗೆ ಸ್ಟಾಕ್ ಇರೋದಿಲ್ಲ.

ಈಗ ಆಸ್ಪತ್ರೆಗಳಿಗೆಲ್ಲ ಪ್ಲಾಸ್ಟಿಕ್ ಟ್ಯೂಬುಗಳೇ ಸರಬರಾಜಾಗುತ್ತಿವೆ, ಗಾಜಿನದು ಸಿಗುತ್ತಿಲ್ಲ ಅಂತ ನೀವು ಬರೆದಿದ್ದೀರಿ. ನಿಮ್ಮ ಸಿಸ್ಟರ್ ಒಬ್ಬರು ಖಾಲಿ ಇಂಜೆಕ್ಷನ್ ಬಾಟಲಿ ತೊಳೆದು ಉಪಯೋಗಿಸುತ್ತಿದ್ದರು ಅಂತಲೂ ಬರೆದಿದ್ದೀರಿ. ಈ ಮಾತು ಆ ಸಭೆಗೆ ತಲುಪಲೇಬೇಕು. ಮೆಕ್ಕೆಜೋಳ ಕಟಾವಿನ ದಿನಗಳಲ್ಲಿ ಒಂದು ರಾತ್ರಿ ಕ್ಯಾಷುವಾಲ್ಟಿಯಲ್ಲಿ ಕೂತವರಿಗೆ ಮಾತ್ರ ಇದು ಗೊತ್ತಾಗುತ್ತದೆ.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ, ದೇಶದಲ್ಲಿ ಜನ ಯಾವ ಕಾರಣಕ್ಕೆ ಸಾಯುತ್ತಾರೆ ಅಂತ ಲೆಕ್ಕ ಹಾಕಿದ ಮಿಲಿಯನ್ ಡೆತ್ ಸ್ಟಡಿಯ ಅಂದಾಜು. ವರ್ಷಕ್ಕೆ ಸರಾಸರಿ 58,000 ಆಯಿತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ಕಡೆಗಣಿಸಲ್ಪಟ್ಟ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2030ರೊಳಗೆ ಸಾವು ಮತ್ತು ಅಂಗವೈಕಲ್ಯ ಅರ್ಧಕ್ಕೆ ಇಳಿಯಬೇಕು ಅಂತ ಗುರಿ ಇಟ್ಟಿತು. ನಮ್ಮ ರಾಜ್ಯ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ ಅಂತ ಘೋಷಿಸಿತು. ಹಾವು ಕಚ್ಚೋದು ನಮ್ಮ ರೈತರಿಗೆ, ಸಾಯೋದು ನಮ್ಮವರು, ಉಳಿಸೋದು ನಿಮ್ಮಂಥವರು. ಸಭೆ ಮಾತ್ರ ಯುರೋಪಿನಲ್ಲಿ, 620 ಯೂರೋ ಕೊಟ್ಟವರಿಗೆ. ನನಗೆ ಇದು ಬಹಳ ಬೇಸರ ತರಿಸುತ್ತದೆ. ಪೋಸ್ಟರ್ ತರುವವರೂ ಪೂರ್ತಿ ಫೀಸು ಕಟ್ಟಿಯೇ ಒಳಗೆ ಹೋಗಬೇಕು ಅನ್ನೋ ನಿಯಮ ಹೆಚ್ಚಿನ ಕಡೆ ಇದೆ. ನಾವು ವಿಷಯವನ್ನೂ ಕೊಡಬೇಕು, ದುಡ್ಡನ್ನೂ ಕೊಡಬೇಕು.

ಈಗ ಏನು ಮಾಡಬಹುದು ಅಂತ ನೋಡೋಣ.

ಕಾನ್ಫರೆನ್ಸ್‌ನ ಫೀಸಿನ ಪಟ್ಟಿಯನ್ನು ಪೂರ್ತಿ ಓದಿ. ಎಷ್ಟೋ ಕಡೆ ದೇಶದ ಆದಾಯ ನೋಡಿ ಫೀಸು ಕಡಿಮೆ ಮಾಡುತ್ತಾರೆ. ವಿಶ್ವಬ್ಯಾಂಕ್ ದೇಶಗಳನ್ನು ನಾಲ್ಕು ಗುಂಪು ಮಾಡಿದೆ: ಕಡಿಮೆ ಆದಾಯ, ಕೆಳಮಧ್ಯಮ, ಮೇಲ್ಮಧ್ಯಮ, ಹೆಚ್ಚು ಆದಾಯ. ಭಾರತ ಕೆಳಮಧ್ಯಮ ಗುಂಪಿನಲ್ಲಿದೆ. ಕೆಲವು ಸಂಘಗಳು ಕೆಳಗಿನ ಎರಡೂ ಗುಂಪಿಗೆ ಒಂದೇ ರಿಯಾಯಿತಿ ಕೊಡುತ್ತವೆ. ಕೆಲವು ಉಗಾಂಡ, ಮಲಾವಿಯಂಥ ಕಡಿಮೆ ಆದಾಯದ ದೇಶಗಳಿಗೆ ಮಾತ್ರ ಕೊಟ್ಟು ನಮ್ಮನ್ನು ಹೊರಗಿಡುತ್ತವೆ. ನೀವು ಬರೆದಿರುವ 620 ಯೂರೋ ಯಾವ ಸಾಲಿನದು ಅಂತ ಇನ್ನೊಮ್ಮೆ ನೋಡಿ. ಮಾಮೂಲಿ ಸಾಲಿನದ್ದಾಗಿರಬಹುದು. ಟ್ರೈನಿ, ಕಿರಿಯ ವೈದ್ಯರು, ಸಂಘದ ಸದಸ್ಯರು ಅಂತ ಬೇರೆ ಬೇರೆ ದರವೂ ಇರುತ್ತದೆ. ಕೆಲವೊಮ್ಮೆ ಕೆಳಮಧ್ಯಮ ದೇಶದವರಿಗೆ ಸದಸ್ಯತ್ವವೇ ಅಗ್ಗ. ಸದಸ್ಯರಾಗಿ ಆಮೇಲೆ ರಿಜಿಸ್ಟರ್ ಮಾಡಿದರೆ ಒಟ್ಟು ಮೊತ್ತ ಕಡಿಮೆ ಬೀಳುತ್ತದೆ.

ಒಂದು ಮಾತು ಇಲ್ಲೇ ಹೇಳಬೇಕು. ದೇಶದ ಲೆಕ್ಕದಲ್ಲಿ ಕೊಡುವ ರಿಯಾಯಿತಿ ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಯ ಹಿರಿಯ ಸರ್ಜನ್‌ಗೂ ನಿಮಗೂ ಒಂದೇ. ಅವರಿಗೆ ಅದು ಒಂದು ಬೆಳಗಿನ ಆಪರೇಷನ್ ಫೀಸು, ನಿಮಗೆ ತಿಂಗಳ ಸಂಬಳದ ದೊಡ್ಡ ಪಾಲು. ಹಾಗಾಗಿ ಪಟ್ಟಿಯಲ್ಲಿರುವ ರಿಯಾಯಿತಿಗೆ ನಿಲ್ಲಬೇಡಿ. ಸಂಘಟಕರಿಗೆ ಪತ್ರ ಬರೆಯಿರಿ.

ಪತ್ರ ಯಾರಿಗೆ ಅನ್ನೋದು ಮುಖ್ಯ. ರಿಜಿಸ್ಟ್ರೇಶನ್ ನೋಡಿಕೊಳ್ಳೋದು ಸಾಮಾನ್ಯವಾಗಿ ಗುತ್ತಿಗೆ ಪಡೆದ ಒಂದು ಕಂಪನಿ. ಅವರಿಗೆ ಬರೆದರೆ ‘ನಿಯಮ ಹೀಗಿದೆ’ ಅಂತ ಸಿದ್ಧ ಉತ್ತರ ಬರುತ್ತದೆ. ನಿಮ್ಮ ಅಬ್‌ಸ್ಟ್ರಾಕ್ಟ್ (ನೀವು ಬರೆದು ಕಳಿಸಿದ ಸಾರಾಂಶ) ಆಯ್ಕೆ ಮಾಡಿದ ವೈಜ್ಞಾನಿಕ ಸಮಿತಿಯ ಮುಖ್ಯಸ್ಥರಿಗೆ ಬರೆಯಿರಿ, ಸಂಘದ ಕಾರ್ಯದರ್ಶಿಗೂ ಪ್ರತಿ ಕಳಿಸಿ. ಒಂದು ಪುಟ ಸಾಕು. ಅಬ್‌ಸ್ಟ್ರಾಕ್ಟ್‌ನ ಸಂಖ್ಯೆ ಹಾಕಿ. ನಿಮ್ಮ ಆಸ್ಪತ್ರೆ ಎಲ್ಲಿದೆ, ಎಂಥ ರೋಗಿಗಳು ಬರುತ್ತಾರೆ ಅಂತ ಎರಡು ಸಾಲು. ನಿಮ್ಮ ಸಂಬಳ ಇಷ್ಟು, ಖರ್ಚು ಇಷ್ಟು ಅಂತ ಬಿಚ್ಚಿ ಬರೆಯಿರಿ. ಆಮೇಲೆ ಬೇಕಾದ್ದನ್ನು ನೇರವಾಗಿ ಕೇಳಿ: ಫೀಸು ಪೂರ್ತಿ ಬಿಡಬೇಕು, ಪ್ರಯಾಣಕ್ಕೆ ಸಹಾಯ ಬೇಕು, ಅದಾಗದಿದ್ದರೆ ಆನ್‌ಲೈನ್‌ನಲ್ಲಿ ಪೋಸ್ಟರ್ ಮಂಡಿಸಲು ಬಿಡಬೇಕು. ಹಲ್ಲು ಗಿಂಜೋ ಧಾಟಿ ಬೇಡ. ನೀವು ಕೇಳುತ್ತಿರೋದು ಭಿಕ್ಷೆಯಲ್ಲ. ನಾನು ಅಂತಹ ಒಂದು ಆಯ್ಕೆ ಸಮಿತಿಯಲ್ಲಿ ಕೂತಿದ್ದೆ. ಸಹಾಯಧನಕ್ಕೆ ಇಟ್ಟ ಹಣ ಪೂರ್ತಿ ಖರ್ಚಾಗದೆ ಉಳಿದಿತ್ತು. ಅರ್ಹರಿದ್ದರು, ಕೇಳಿದವರು ಕಡಿಮೆ. ನಮ್ಮ ಕಡೆಯ ಮಕ್ಕಳು ಸಂಕೋಚದಲ್ಲೇ ಅರ್ಧ ಅವಕಾಶ ಕಳೆದುಕೊಳ್ಳುತ್ತಾರೆ.

ಮುಂದಿನ ಸಲಕ್ಕೆ ಇದನ್ನು ನೆನಪಿಡಿ. ಸ್ಕಾಲರ್‌ಶಿಪ್ ಅರ್ಜಿ ಎಷ್ಟೋ ಕಡೆ ಅಬ್‌ಸ್ಟ್ರಾಕ್ಟ್ ಜೊತೆಗೇ ಹಾಕಬೇಕು. ಆ ಫಾರಂನಲ್ಲೇ ಒಂದು ಚೌಕ ಇರುತ್ತದೆ, ಗುರುತು ಹಾಕದೆ ಮುಂದೆ ಹೋದರೆ ಮುಗಿಯಿತು. ಆಯ್ಕೆಯಾದ ಮೇಲೆ ನೋಡೋಣ ಅಂದುಕೊಂಡರೆ ಗಡುವು ದಾಟಿರುತ್ತದೆ.

ನಮ್ಮ ದೇಶದಲ್ಲೂ ದಾರಿ ಇದೆ. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆಯಾದ ಐಸಿಎಂಆರ್ ತನ್ನ ಹೊರಗಿನ ವೈದ್ಯರಿಗೂ, ಸಂಶೋಧಕರಿಗೂ ಪ್ರಬಂಧ ಮಂಡಿಸಲು ಪ್ರಯಾಣ ಸಹಾಯ ಕೊಡುತ್ತದೆ. ಮೊದಲು ಎಸ್‌ಇಆರ್‌ಬಿ ಅಂತಿದ್ದ, ಈಗ ಎಎನ್‌ಆರ್‌ಎಫ್‌ನೊಳಗೆ ಸೇರಿರುವ, ವಿಜ್ಞಾನ ಸಂಶೋಧನೆಗೆ ಹಣ ಕೊಡುವ ಕೇಂದ್ರದ ಸಂಸ್ಥೆಯಲ್ಲೂ ಅಂಥ ಯೋಜನೆ ಇದೆ. ಎರಡಕ್ಕೂ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು, ಆಸ್ಪತ್ರೆಯ ಮುಖ್ಯಸ್ಥರ ಸಹಿ ಬೇಕು. ಒಂದು ತೊಡಕು ಏನೆಂದರೆ, ಇಂಥ ಸಹಾಯದಲ್ಲಿ ಸಾಮಾನ್ಯವಾಗಿ ಮೊದಲು ನಾವು ಖರ್ಚು ಮಾಡಿ, ಬಂದ ಮೇಲೆ ಬಿಲ್ ಕೊಟ್ಟು ಹಣ ಪಡೆಯಬೇಕು. ಕೈಯಲ್ಲಿ ಎರಡು ಲಕ್ಷ ಇಲ್ಲದವರಿಗೆ ಇದು ದೊಡ್ಡ ಅಡ್ಡಿ. ಮುಂಗಡ ಕೊಡುವ ವ್ಯವಸ್ಥೆ ಬರಬೇಕು ಅಂತ ನಾನು ಹೇಳುತ್ತಲೇ ಬಂದಿದ್ದೇನೆ.

ಪತ್ರಕ್ಕೆ ಉತ್ತರ ಬರುವವರೆಗೆ ಒಂದು ಯೂರೋ ಕೂಡ ಕಟ್ಟಬೇಡಿ. ಸಹಾಯ ಸಿಕ್ಕರೆ ಹೋಗಿ ಬನ್ನಿ. ಸಿಗದಿದ್ದರೆ ಪೋಸ್ಟರನ್ನು ಆನ್‌ಲೈನ್‌ನಲ್ಲಿ ತೋರಿಸಿ, ಅದೇ ವಿಷಯವನ್ನು ಪ್ರಬಂಧವಾಗಿ ಬರೆದು ಒಂದು ಒಳ್ಳೆಯ ಜರ್ನಲ್‌ಗೆ ಕಳಿಸಿ. ಅಂದಹಾಗೆ, ಗಾಜಿನ ಟ್ಯೂಬಿನ ವಿಷಯ ನಮ್ಮ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಬರೆದಿದ್ದೀರಿ ತಾನೇ? ಬರೆದಿಲ್ಲದಿದ್ದರೆ ಇವತ್ತೇ ಬರೆಯಿರಿ. ಅದಕ್ಕೆ ವೀಸಾ ಬೇಕಿಲ್ಲ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂಡಿ ಮುಗಿಸಿ ಈಗಷ್ಟೇ ಪ್ರಾಕ್ಟೀಸ್ ಶುರು ಮಾಡಿದ್ದೇನೆ. ಒಂದು ಔಷಧ ಕಂಪನಿಯ ಪ್ರತಿನಿಧಿ, ‘ಸಾರ್, ಈ ವರ್ಷ ಬ್ಯಾಂಕಾಕ್ ಕಾನ್ಫರೆನ್ಸ್‌ಗೆ ನಿಮ್ಮ ಹೆಸರು ಹಾಕ್ತೀನಿ, ಟಿಕೆಟ್ಟು ಹೋಟೆಲ್ಲು ನಮ್ಮದು’ ಅಂತಾರೆ. ನನ್ನ ಸೀನಿಯರ್‌ಗಳು ಎಲ್ಲರೂ ಹೀಗೇ ಹೋಗಿ ಬಂದವರು. ತಪ್ಪೇನು?

ಉತ್ತರ: ತಪ್ಪು ಇದೆಯಪ್ಪ. ನಿಯಮದ ಪ್ರಕಾರವೂ ತಪ್ಪು. 2009ರ ಡಿಸೆಂಬರ್‌ನಲ್ಲೇ ಆಗಿನ ವೈದ್ಯಕೀಯ ಮಂಡಳಿ ತನ್ನ ನಡತೆಯ ನಿಯಮಕ್ಕೆ ತಿದ್ದುಪಡಿ ತಂದು, ಕಂಪನಿಗಳಿಂದ ಉಡುಗೊರೆ, ಪ್ರಯಾಣ, ಹೋಟೆಲ್ ಯಾವುದನ್ನೂ ವೈದ್ಯರು ಪಡೆಯಬಾರದು ಅಂತ ಹೇಳಿತು. 2024ರ ಮಾರ್ಚ್‌ನಲ್ಲಿ ಕೇಂದ್ರದ ಔಷಧ ಇಲಾಖೆ ಕಂಪನಿಗಳಿಗೂ ಸಂಹಿತೆ ಹೊರಡಿಸಿತು. ವೈದ್ಯರಿಗಾಗಲಿ ಅವರ ಮನೆಯವರಿಗಾಗಲಿ ಟಿಕೆಟ್ ಕೊಡುವಂತಿಲ್ಲ. ಕಲಿಕಾ ಕಾರ್ಯಕ್ರಮದಲ್ಲಿ ಉಪನ್ಯಾಸ ಕೊಡುವವರಿಗೆ ಮಾತ್ರ ವಿನಾಯಿತಿ. ಅಂಥ ಕಾರ್ಯಕ್ರಮವನ್ನು ಕಂಪನಿಗಳು ವಿದೇಶದಲ್ಲಿ ನಡೆಸುವಂತೆಯೇ ಇಲ್ಲ.

2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನೂ ಓದಿ. ವೈದ್ಯರಿಗೆ ಕೊಡುವ ಇಂಥ ಕೊಡುಗೆಗಳನ್ನು ಕಂಪನಿಗಳು ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸುವಂತಿಲ್ಲ ಅಂತ ಕೋರ್ಟ್ ಹೇಳಿತು. ಆ ಖರ್ಚು ಕೊನೆಗೆ ಔಷಧದ ಬೆಲೆಗೆ ಸೇರುತ್ತದೆ ಅನ್ನೋದನ್ನೂ ಹೇಳಿತು. ಅಂದರೆ ನಿಮ್ಮ ಬ್ಯಾಂಕಾಕ್ ಟಿಕೆಟ್ಟಿನ ದುಡ್ಡು ಕೊಡೋದು ಹೊನ್ನಾಳಿಯಿಂದ ಬಸ್ಸಿನಲ್ಲಿ ಬಂದು ನಿಮ್ಮ ಮುಂದೆ ಕೂರುವ ರೋಗಿ.

ನಿಮ್ಮ ಸೀನಿಯರ್‌ಗಳು ಕೆಟ್ಟವರು ಅಂತ ನಾನು ಹೇಳೋದಿಲ್ಲ. ಬೇರೆ ದಾರಿಯೇ ಇಲ್ಲದ ಕಾಲದಲ್ಲಿ ಹೊರಗಿನದನ್ನು ಕಲಿಯಬೇಕು ಅನ್ನೋ ನಿಜವಾದ ಹಂಬಲ ಎಷ್ಟೋ ಜನಕ್ಕಿತ್ತು. ನನ್ನ ತಕರಾರು ಇರೋದು ಆ ಹಂಬಲವನ್ನು ಕಂಪನಿಯ ಕೈಗೆ ಬಿಟ್ಟ ವ್ಯವಸ್ಥೆಯ ಮೇಲೆ. ಕಾನ್ಫರೆನ್ಸ್ ಫೀಸನ್ನು ಸಾವಿರಗಟ್ಟಲೆ ಡಾಲರ್‌ಗೆ ಏರಿಸಿ, ಆಮೇಲೆ ‘ಕಂಪನಿ ದುಡ್ಡು ತಗೋಬೇಡಿ’ ಅಂತ ಬಡ ದೇಶದ ವೈದ್ಯರಿಗೆ ಹೇಳಿದರೆ ಅದು ಅರ್ಧ ನ್ಯಾಯ. ನಿಷೇಧ ಸರಿಯಾಗಿದೆ. ಅದರ ಜೊತೆ ಬರಬೇಕಿದ್ದ ಫೀಸಿನ ಇಳಿಕೆ, ಸರ್ಕಾರಿ ಸಹಾಯ ಇನ್ನೂ ಸಾಲದು.

ಬೇಡ ಅಂತ ಹೇಳೋದಕ್ಕೆ ಉದ್ದದ ಮಾತು ಬೇಕಿಲ್ಲ. ‘ನಾನು ಈ ತರಹ ತಗೊಳ್ಳಲ್ಲಪ್ಪ’ ಅಂದರೆ ಸಾಕು. ಆ ಹುಡುಗನಿಗೂ ಟಾರ್ಗೆಟ್ ಇರುತ್ತದೆ, ಅವನ ಮೇಲೆ ರೇಗಬೇಡಿ.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ನಿವೃತ್ತ ಶಾಲಾ ಶಿಕ್ಷಕ. ಮಗ ಮಕ್ಕಳ ವೈದ್ಯ. ಈಗ ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ವೈದ್ಯರು ಲಕ್ಷಗಟ್ಟಲೆ ಸುರಿದು ವಿದೇಶಕ್ಕೆ ಯಾಕೆ ಹೋಗಬೇಕು?

ಉತ್ತರ: ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಮುಕ್ಕಾಲು ಭಾಗ ನಿಜ.

2020ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಕೋವಿಡ್ ಜೋರಿತ್ತು. ಯುರೋಪಿನ ಹೃದ್ರೋಗ ತಜ್ಞರ ಸಂಘದ ಸಮ್ಮೇಳನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆಯಬೇಕಿತ್ತು. ಪೂರ್ತಿ ಆನ್‌ಲೈನ್ ಮಾಡಿ, ಉಚಿತವಾಗಿ ತೆರೆದರು. ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಹಿಂದಿನ ವರ್ಷ ಪ್ಯಾರಿಸ್‌ಗೆ ಹೋಗಿದ್ದವರು ಮೂವತ್ತು ಸಾವಿರದ ಆಸುಪಾಸು. ನಾನು ವಿದ್ಯಾನಗರದ ನನ್ನ ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡಿದೆ. ಎಂಪಾಗ್ಲಿಫ್ಲೋಜಿನ್ ಅನ್ನೋ ಸಕ್ಕರೆ ಕಾಯಿಲೆಯ ಮಾತ್ರೆ ಹೃದಯ ದುರ್ಬಲವಾದವರಿಗೂ, ಸಕ್ಕರೆ ಇಲ್ಲದಿದ್ದರೂ, ಉಪಯೋಗಕ್ಕೆ ಬರುತ್ತದೆ ಅನ್ನೋ ದೊಡ್ಡ ಅಧ್ಯಯನವನ್ನು ಅಲ್ಲೇ ಮಂಡಿಸಿದರು. ಲಂಡನ್ನಿನ ತಜ್ಞರು ಕೇಳಿದ ಹೊತ್ತಿಗೇ ದಾವಣಗೆರೆಯ ನನ್ನ ಹಳೆಯ ವಿದ್ಯಾರ್ಥಿಗಳೂ ಕೇಳಿದರು. ಮಾರನೇ ದಿನ ಫೋನಿನಲ್ಲಿ ಅದೇ ಚರ್ಚೆ. ಆ ಮಾತ್ರೆ ಆಗ ನಮ್ಮ ರೋಗಿಗಳ ಕೈಗೆಟುಕುತ್ತಿರಲಿಲ್ಲ. 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿದು ಭಾರತದ ಕಂಪನಿಗಳು ತಯಾರಿಸಲು ಶುರು ಮಾಡಿದ ಮೇಲೆ ಬೆಲೆ ಇಳಿದಿದೆ.

ಅಷ್ಟು ಚೆನ್ನಾಗಿದ್ದ ವ್ಯವಸ್ಥೆಯನ್ನು ಯಾಕೆ ಬಿಟ್ಟರು ಅಂತ ಕೇಳುತ್ತೀರಿ. ದುಡ್ಡಿನ ವಿಷಯ. ದೊಡ್ಡ ವೈದ್ಯಕೀಯ ಸಂಘಗಳಿಗೆ ವರ್ಷದ ಸಮ್ಮೇಳನವೇ ಒಂದು ಮುಖ್ಯ ಆದಾಯ. ರಿಜಿಸ್ಟ್ರೇಶನ್ ಫೀಸು ಒಂದು ಭಾಗ. ಔಷಧ ಕಂಪನಿ, ಯಂತ್ರದ ಕಂಪನಿಗಳು ಮಳಿಗೆ ಹಾಕಲು ಕೊಡುವ ಬಾಡಿಗೆ ಇನ್ನೊಂದು ದೊಡ್ಡ ಭಾಗ. ಮಳಿಗೆಯ ಮುಂದೆ ಜನ ಓಡಾಡದಿದ್ದರೆ ಕಂಪನಿಗಳು ಯಾಕೆ ಬರುತ್ತವೆ? ಹಾಲ್ ಬಾಡಿಗೆ, ಪರದೆ, ಮೈಕು, ಕಾಫಿ, ಊಟ ಎಲ್ಲ ಯುರೋಪಿನ ದರದಲ್ಲಿ. ಅದರ ಮೇಲೆ ಆನ್‌ಲೈನ್ ಪ್ರಸಾರಕ್ಕೆ ಬೇರೆ ತಂಡ, ಬೇರೆ ಖರ್ಚು. ಹಾಗಾಗಿ ಕೋವಿಡ್ ಇಳಿದ ಮೇಲೆ ಎಷ್ಟೋ ಕಡೆ ಆನ್‌ಲೈನ್ ಭಾಗ ಸಣ್ಣದಾಯಿತು, ಉಚಿತವಾಗಿದ್ದದ್ದಕ್ಕೆ ಫೀಸು ಬಂತು. ಖರ್ಚು ಇರೋದು ನನಗೂ ಗೊತ್ತು. ಆದರೂ ಮುಖ್ಯ ಭಾಷಣಗಳನ್ನಾದರೂ ಬಡ ಮತ್ತು ಕೆಳಮಧ್ಯಮ ದೇಶಗಳಿಗೆ ಉಚಿತವಾಗಿ ತೆರೆದಿಡಲೇಬೇಕು. ಒಮ್ಮೆ ಮಾಡಿ ತೋರಿಸಿದ್ದಾರಲ್ಲ, ಆಗೋದಿಲ್ಲ ಅಂತ ಹೇಳುವಂತಿಲ್ಲ.

ಉಳಿದ ಕಾಲು ಭಾಗ? ಅದು ಪರದೆಯಲ್ಲಿ ಸಿಗೋದಿಲ್ಲ ಮೇಷ್ಟ್ರೇ. ಪೋಸ್ಟರ್ ಮುಂದೆ ನಿಂತಾಗ ಯಾರೋ ಗುರುತಿಲ್ಲದವರು ಬಂದು, ‘ನಮ್ಮಲ್ಲೂ ಹೀಗೇ ಆಗುತ್ತದೆ, ನಾವು ಹೀಗೆ ಮಾಡಿದೆವು’ ಅನ್ನುತ್ತಾರೆ. ಅಲ್ಲಿಂದ ಪತ್ರ ವ್ಯವಹಾರ ಶುರುವಾಗುತ್ತದೆ, ಮುಂದೆ ಒಟ್ಟಿಗೆ ಒಂದು ಅಧ್ಯಯನ ಆಗುತ್ತದೆ. ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಸಮಿತಿಗೆ ಯಾರನ್ನು ಕರೆಯಬೇಕು ಅನ್ನೋದು ಎಷ್ಟೋ ಸಲ ಮುಖ ಪರಿಚಯದ ಮೇಲೆ ನಿರ್ಧಾರವಾಗುತ್ತದೆ. ನಮ್ಮವರು ಅಲ್ಲಿ ಇಲ್ಲದಿದ್ದರೆ ಮಾರ್ಗಸೂಚಿಯಲ್ಲಿ ಸಿ.ಟಿ. ಸ್ಕ್ಯಾನ್ ಇಲ್ಲದ ಆಸ್ಪತ್ರೆಯ ನೆನಪು ಯಾರಿಗೂ ಬರೋದಿಲ್ಲ. ಹಾಗಾಗಿ ನಿಮ್ಮ ಮಗ ಪ್ರತಿ ವರ್ಷ ಹೋಗಬೇಕಿಲ್ಲ. ಹೇಳಲು ತನ್ನದೇ ಆದ ಕೆಲಸ ಇದ್ದಾಗ ಹೋಗಲಿ.

ಒಂದು ಸಮಾಧಾನದ ವಿಷಯವೂ ಇದೆ. ದೊಡ್ಡ ಸಮ್ಮೇಳನಗಳು ಈಗ ನಮ್ಮ ಕಡೆಗೂ ಬರುತ್ತಿವೆ. ಅಂತರರಾಷ್ಟ್ರೀಯ ಮೂತ್ರಪಿಂಡ ತಜ್ಞರ ಸಂಘದ ವಿಶ್ವ ಸಮ್ಮೇಳನ 2025ರ ಫೆಬ್ರುವರಿಯಲ್ಲಿ ದೆಹಲಿಯಲ್ಲೇ ಆಯಿತು. ರೈಲಿನಲ್ಲಿ ಹೋಗಬಹುದಾದ ಸಮ್ಮೇಳನಕ್ಕೆ ವೀಸಾ ಅಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲಬೇಕಿಲ್ಲ.

ಪ್ರಶ್ನೆ: ನಾನು ಟಿಬಿ ವಿಭಾಗದಲ್ಲಿ ನರ್ಸ್. ಇವೆಲ್ಲ ಡಾಕ್ಟರುಗಳಿಗೆ ಮಾತ್ರವಾ ಮೇಡಂ? ನಮ್ಮಂಥವರನ್ನು ಒಳಗೆ ಬಿಡುತ್ತಾರಾ?

ಉತ್ತರ: ಬಿಡಲೇಬೇಕು ಕಣಮ್ಮ. ಶ್ವಾಸಕೋಶದ ಆರೋಗ್ಯದ 50ನೇ ವಿಶ್ವ ಸಮ್ಮೇಳನ 2019ರಲ್ಲಿ ಹೈದರಾಬಾದ್‌ನಲ್ಲಿ ನಡೆಯಿತು, ಅಕ್ಟೋಬರ್ 30ರಿಂದ ನವೆಂಬರ್ 2ರವರೆಗೆ. ಟಿಬಿ ವಿಷಯದಲ್ಲಿ ಜಗತ್ತಿನ ದೊಡ್ಡ ಸಭೆ ಅದು. ನಾನು ದಾವಣಗೆರೆಯಿಂದ ರಾತ್ರಿ ಬಸ್ಸಿನಲ್ಲಿ ಹೋಗಿದ್ದೆ. ಅಲ್ಲಿ ಸಮುದಾಯಕ್ಕೆ ಅಂತ ಒಂದು ಜಾಗ ಮಾಡಿದ್ದರು, ಅದಕ್ಕೆ ಪ್ರವೇಶ ಉಚಿತ. ಟಿಬಿ ಗೆದ್ದು ಬಂದವರು, ಆಶಾ ಕಾರ್ಯಕರ್ತೆಯರು, ನಿಮ್ಮಂಥ ಸಿಸ್ಟರ್‌ಗಳು ಬಂದಿದ್ದರು. ಒಬ್ಬ ಹುಡುಗಿ ತನ್ನ ಟಿಬಿ ಮದ್ದಿನಿಂದ ಕಿವಿ ಕೇಳಿಸದಂತಾದದ್ದನ್ನು ಹೇಳಿದಳು. ಮೊದಲೆಲ್ಲ ಮದ್ದಿಗೆ ಬಗ್ಗದ ಟಿಬಿಗೆ ಕೊಡುತ್ತಿದ್ದ ಇಂಜೆಕ್ಷನ್‌ಗಳಿಂದ ಹೀಗೆ ಆಗುತ್ತಿತ್ತು. ಅವಳ ಮಾತನ್ನು ತಜ್ಞರು ನಿಂತುಕೊಂಡೇ ಕೇಳಿದರು. ಸಭೆ ಸ್ವಿಟ್ಜರ್ಲೆಂಡಿನಲ್ಲಿದ್ದಿದ್ದರೆ ಅವಳು ಬರುತ್ತಿದ್ದಳಾ?

ನಿಮಗೆ ನನ್ನ ಸಲಹೆ ಇಷ್ಟೇ. ಜಿಲ್ಲಾ ಟಿಬಿ ಅಧಿಕಾರಿಗೆ ಹೇಳಿಟ್ಟಿರಿ. ಭಾರತದಲ್ಲಿ ಇಂಥ ಸಭೆ ನಡೆದಾಗ ನರ್ಸ್‌ಗಳ ದರ, ಉಚಿತ ಭಾಗ ಎರಡನ್ನೂ ವಿಚಾರಿಸಿ. ನಿಮ್ಮ ರಿಜಿಸ್ಟರ್ ಪುಸ್ತಕದಲ್ಲಿರುವ ವಿಷಯವೇ ಒಂದು ಪೋಸ್ಟರ್ ಆಗುತ್ತದೆ. ಬರೆಯಲು ಸಹಾಯ ಬೇಕಾದರೆ ಈ ಅಂಕಣಕ್ಕೆ ಬರೆಯಿರಿ, ನಾನೇ ಕೂತು ತಿದ್ದಿ ಕೊಡುತ್ತೇನೆ.

ಪ್ರಶ್ನೆ: ಚಳ್ಳಕೆರೆಯಲ್ಲಿ ದಂತವೈದ್ಯ ನಾನು. ದುಬೈನಲ್ಲಿ ನಡೆಯುವ ‘ಜಾಗತಿಕ ಸಮ್ಮೇಳನ’ಕ್ಕೆ ಮುಖ್ಯ ಭಾಷಣಕಾರರಾಗಿ ಬನ್ನಿ ಅಂತ ಇಮೇಲ್ ಬಂದಿದೆ. 799 ಡಾಲರ್ ಕಟ್ಟಬೇಕಂತೆ. ಮನೆಯವರೆಲ್ಲ ಖುಷಿಯಾಗಿದ್ದಾರೆ.

ಉತ್ತರ: ಕಟ್ಟಬೇಡಿ. ನಿಮ್ಮ ಕೆಲಸ ಗೊತ್ತಿಲ್ಲದೆ ಮುಖ್ಯ ಭಾಷಣಕ್ಕೆ ಕರೆದು, ಆ ಭಾಷಣಕ್ಕೆ ನಿಮ್ಮಿಂದಲೇ ದುಡ್ಡು ಕೇಳುವವರು ನಿಜವಾದ ಸಂಘದವರಲ್ಲ. ಹಲ್ಲಿನ ವೈದ್ಯರಿಗೆ ಕಳಿಸಿದ ಪತ್ರದಲ್ಲಿ ದಂತ, ನರ್ಸಿಂಗ್, ನ್ಯಾನೋ ತಂತ್ರಜ್ಞಾನ ಮೂರೂ ಒಂದೇ ಸಭೆಯಲ್ಲಿ ಅಂತ ಇದೆಯಾ ನೋಡಿ. ಸಂಘಟಕರ ಹೆಸರು, ವಿಳಾಸ, ಹಿಂದಿನ ವರ್ಷದ ಕಾರ್ಯಕ್ರಮ ಪಟ್ಟಿ ಸಿಗುತ್ತದಾ ನೋಡಿ. ಭಾಷಣಕಾರರ ಪಟ್ಟಿಯಲ್ಲಿರುವ ಒಬ್ಬರಿಗೆ ನೇರವಾಗಿ ಇಮೇಲ್ ಮಾಡಿ ಕೇಳಿ. ಹೈದರಾಬಾದ್ ಮೂಲದ ಇಂಥ ಒಂದು ಕಂಪನಿಯ ವಿರುದ್ಧ ಅಮೆರಿಕದ ನ್ಯಾಯಾಲಯ 2019ರಲ್ಲಿ 5 ಕೋಟಿ ಡಾಲರ್‌ಗೂ ಹೆಚ್ಚು ಮೊತ್ತದ ತೀರ್ಪು ಕೊಟ್ಟಿತು. ಒಪ್ಪಿಗೆಯನ್ನೇ ಕೊಡದ ವಿದ್ವಾಂಸರ ಹೆಸರು ಹಾಕಿ ಸಮ್ಮೇಳನಕ್ಕೆ ಜನ ಸೇರಿಸುತ್ತಿದ್ದದ್ದೂ ಆ ಆರೋಪಗಳಲ್ಲಿತ್ತು. ಇವರ ಬಲೆಗೆ ಜಾಸ್ತಿ ಬೀಳೋದು ಸಣ್ಣ ಊರಿನ, ನಿಜವಾದ ವೇದಿಕೆ ಸಿಗದ ವೈದ್ಯರೇ. ಅದು ನನಗೆ ಸಿಟ್ಟು ಬರಿಸುತ್ತದೆ. ಮನೆಯವರಿಗೆ ನಿಧಾನವಾಗಿ ಹೇಳಿ. ನಿಮ್ಮ ಮೇಲಿನ ಅವರ ಅಭಿಮಾನಕ್ಕೆ ಈ ಇಮೇಲ್ ಬೇಕಿರಲಿಲ್ಲ.

ಪ್ರಶ್ನೆ: ನಮ್ಮ ವೈದ್ಯರ ಸಂಘದ ಪದಾಧಿಕಾರಿ ನಾನು. ಸ್ಥಳೀಯವಾಗಿ ನಾವು ಏನು ಮಾಡಬಹುದು?

ಉತ್ತರ: ಬಹಳ ಮಾಡಬಹುದು. ಒಂದು ಪ್ರಯಾಣ ನಿಧಿ ಇಡಿ. ಊರಿನ ಹಿರಿಯ ವೈದ್ಯರು ವರ್ಷಕ್ಕೆ ತಲಾ ಐದು ಸಾವಿರ ಹಾಕಿದರೂ ಒಬ್ಬ ತಾಲ್ಲೂಕು ವೈದ್ಯರನ್ನು ಕಳಿಸಬಹುದು. ನೇರವಾಗಿ ಕೊಡಲು ಆಗದಿದ್ದರೆ ಬಡ್ಡಿಯಿಲ್ಲದ ಮುಂಗಡ ಕೊಡಿ. ಐಸಿಎಂಆರ್ ಹಣ ಬಂದ ಮೇಲೆ ಅವರು ತೀರಿಸಲಿ. ನಾನು ಮೇಲೆ ಹೇಳಿದ ತೊಡಕು ಅದರಿಂದಲೇ ಬಿಡಿಸಿಕೊಳ್ಳುತ್ತದೆ. ಒಬ್ಬರು ಹೋದಾಗ ಅವರ ಡ್ಯೂಟಿಯನ್ನು ಇನ್ನೊಬ್ಬರು ನೋಡಿಕೊಳ್ಳುವ ಏರ್ಪಾಡೂ ಇರಲಿ. ಒಬ್ಬರೇ ವೈದ್ಯರಿರುವ ಆಸ್ಪತ್ರೆಯಲ್ಲಿ ದುಡ್ಡಿಗಿಂತ ದೊಡ್ಡ ಸಮಸ್ಯೆ ಅದು. ಹಿಂದಿರುಗಿ ಬಂದವರು ಕನ್ನಡದಲ್ಲಿ ಒಂದು ಸಂಜೆ ಎಲ್ಲರಿಗೂ ಹೇಳಲಿ, ಸಿಸ್ಟರ್‌ಗಳನ್ನೂ ಕರೆಯಿರಿ.

ನಮ್ಮದೇ ಮನೆಯನ್ನೂ ಸ್ವಲ್ಪ ನೋಡಿಕೊಳ್ಳಬೇಕು. ರಾಜ್ಯ ಮಟ್ಟದ ಸಮ್ಮೇಳನಗಳನ್ನೇ ಪಂಚತಾರಾ ಹೋಟೆಲಿನಲ್ಲಿ ಇಟ್ಟು, ಪಿಜಿ ವಿದ್ಯಾರ್ಥಿಗಳಿಂದ ಸಾವಿರಾರು ರೂಪಾಯಿ ಕಟ್ಟಿಸಿಕೊಳ್ಳುತ್ತೇವೆ. ಮೆಡಿಕಲ್ ಕಾಲೇಜಿನ ಹಾಲ್ ಸುಮ್ನೆ ಖಾಲಿ ಬಿದ್ದಿರುತ್ತದೆ. ಅಲ್ಲೇ ನಡೆಸಿ, ಊಟಕ್ಕೆ ನಮ್ಮೂರಿನ ಅಡುಗೆಯವರನ್ನು ಕರೆಸಿ. ಕರ್ನಾಟಕ ವೈದ್ಯಕೀಯ ಪರಿಷತ್ತು ವೈದ್ಯರಿಂದ ಐದು ವರ್ಷಕ್ಕೆ 30 ಕ್ರೆಡಿಟ್ ಗಂಟೆ, ಅಂದರೆ ಅಷ್ಟು ಹೊತ್ತಿನ ಮುಂದುವರಿದ ಕಲಿಕೆ, ಕೇಳುತ್ತದೆ. ಅದಕ್ಕೆ ಯಾರೂ ಪಂಚತಾರಾ ಹೋಟೆಲ್ ಮೆಟ್ಟಿಲು ಹತ್ತಬೇಕಿಲ್ಲ.

ಪ್ರಶ್ನೆ: ಫೀಸು ಕಟ್ಟಿ ಆಗಿದೆ, ವೀಸಾ ನಿರಾಕರಿಸಿದ್ದಾರೆ. ದುಡ್ಡು ವಾಪಸ್ ಬರುತ್ತದಾ?

ಉತ್ತರ: ವೀಸಾ ಫೀಸು ಬರೋದಿಲ್ಲ. ಯುರೋಪಿನ ಬಹುತೇಕ ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾಕ್ಕೆ 2024ರ ಜೂನ್‌ನಿಂದ 90 ಯೂರೋ, ಅದು ಹೋದಂತೆಯೇ. ವಿಮೆಯ ಕಂಪನಿಯನ್ನು ಕೇಳಿ ನೋಡಿ, ನಿರಾಕರಣೆ ಪತ್ರ ತೋರಿಸಿದರೆ ಕೆಲವರು ವಿಮೆಗೆ ಕಟ್ಟಿದ ಹಣ ಹಿಂದಿರುಗಿಸುತ್ತಾರೆ. ರಿಜಿಸ್ಟ್ರೇಶನ್ ವಿಷಯದಲ್ಲಿ ಷರತ್ತು ಓದಿ. ವೀಸಾ ನಿರಾಕರಣೆಗೆ ಎಷ್ಟೋ ಸಂಘಟಕರು ಸಣ್ಣ ಮೊತ್ತ ಹಿಡಿದು ಉಳಿದದ್ದನ್ನು ಕೊಡುತ್ತಾರೆ, ಆದರೆ ಗಡುವಿನೊಳಗೆ ಪತ್ರದ ಪ್ರತಿ ಕಳಿಸಬೇಕು. ಇವತ್ತೇ ಕಳಿಸಿ. ಆನ್‌ಲೈನ್ ಪ್ರವೇಶಕ್ಕೆ ಬದಲಿಸಿಕೊಡಿ ಅಂತಲೂ ಅದೇ ಪತ್ರದಲ್ಲಿ ಕೇಳಿ.

ಇದು ನಿಮ್ಮೊಬ್ಬರ ಅನುಭವ ಅಂದುಕೊಳ್ಳಬೇಡಿ. 2022ರಲ್ಲಿ ಮಾಂಟ್ರಿಯಲ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನಕ್ಕೆ ಆಫ್ರಿಕಾದ ಎಷ್ಟೋ ಪ್ರತಿನಿಧಿಗಳಿಗೆ ಕೆನಡಾ ವೀಸಾ ಕೊಡಲಿಲ್ಲ. ಏಡ್ಸ್‌ನ ಭಾರವನ್ನು ಹೆಚ್ಚು ಹೊತ್ತ ಖಂಡದ ಜನರೇ ಹೊರಗುಳಿದರು, ಸಮ್ಮೇಳನದ ವೇದಿಕೆಯಲ್ಲೇ ಪ್ರತಿಭಟನೆ ಆಯಿತು. ಮುಂದಿನ ಸಲ ಮೊದಲು ಆಹ್ವಾನ ಪತ್ರ ತರಿಸಿ, ವೀಸಾ ಅರ್ಜಿ ಬೇಗ ಹಾಕಿ. ಹಣ ಹಿಂದಿರುಗಿಸುವ ಷರತ್ತು ಇಲ್ಲದ ಟಿಕೆಟ್ಟನ್ನು ವೀಸಾ ಕೈಗೆ ಬರುವ ಮುಂಚೆ ಕೊಳ್ಳಬೇಡಿ. ಹೊಸ ಅರ್ಜಿಯಲ್ಲಿ ಹಳೆಯ ನಿರಾಕರಣೆಯನ್ನು ಮುಚ್ಚಿಡಬೇಡಿ, ಅದು ಅವರ ದಾಖಲೆಯಲ್ಲಿ ಇರುತ್ತದೆ.